ಮನೆಯವರನ್ನು ಎಣಿಸದ ನವೆಂಬರ್

ಹೊಸ ಸೇತುವೆ ಆದ ಮೇಲೆ ನಾನು ಶರಾವತಿ ಹಿನ್ನೀರಿನ ಆಚೆ ದಡಕ್ಕೆ ಹೋದದ್ದು ಕಳೆದ ತಿಂಗಳು, ಒಂದು ಲಸಿಕೆ ಶಿಬಿರದ ಕೆಲಸಕ್ಕೆ. ಮೊದಲೆಲ್ಲ ಲಾಂಚಿನಲ್ಲಿ ದಾಟುತ್ತಿದ್ದೆವು. ಲಾಂಚಿನಲ್ಲಿ ನಿಂತರೆ ನೀರು ಕಣ್ಣಿನ ಮಟ್ಟಕ್ಕೇ ಹರಡಿಕೊಂಡಿರುತ್ತದೆ, ಯಾವುದು ಎಷ್ಟು ದೂರ ಎಂದು ತಿಳಿಯುವುದಿಲ್ಲ. ಬಸ್ಸು ಸೇತುವೆಯ ನಡುವಿಗೆ ಬಂದಾಗ ಎಲ್ಲವೂ ಮೇಲಿನಿಂದ ಕಂಡಿತು. ಪೂರ್ವದ ಕಡೆ ನಾವು ಟೆಂಟು ಹಾಕಿದ್ದ ಗುಡ್ಡದ ಇಳಿಜಾರು, ಪಶ್ಚಿಮದ ಕಡೆ ನೀರಿನಿಂದ ತಲೆಯೆತ್ತಿ ನಿಂತ ಒಣಮರಗಳ ಗುಂಪು. ಎರಡರ ನಡುವಿನ ದೂರ ನಾನು ಇಷ್ಟು ವರ್ಷ ಅಂದುಕೊಂಡಿದ್ದಕ್ಕಿಂತ ಕಡಿಮೆ. ಪಕ್ಕದಲ್ಲಿ ಕುಳಿತಿದ್ದ ಆಶಾ ಕಾರ್ಯಕರ್ತೆ, "ಸಿಸ್ಟರ್, ತಲೆ ತಿರುಗ್ತಾ ಉಂಟಾ?" ಎಂದು ಕೇಳಿದಳು. ಹೌದು ಎಂದೆ.

ನಾನು ಸಾಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಕೆಲವು ವರ್ಷಗಳ ಹಿಂದೆ ದೀಪಾವಳಿ ಕಳೆದ ಮೇಲೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹಿಡಿದುಕೊಂಡು ಆ ಇಳಿಜಾರಿಗೆ ಹೋಗಿದ್ದೆ. ಅಲ್ಲಿ ನಡೆದದ್ದರ ಬಗ್ಗೆ ಊರಿನಲ್ಲಿ ಬೇರೆ ಬೇರೆ ಮಾತುಗಳಿವೆ. ನಾನು ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಯಾರಿಂದ ಕೇಳಿದೆನೋ ಅವರ ಮಾತಿನ ಹಾಗೆ ಬರೆಯುತ್ತೇನೆ.

ಇಳಿಜಾರಿನ ಆ ಹಾಯಿದೋಣಿ ಶಿಬಿರ ಶ್ರೀಪಾದಣ್ಣನ ಬಹುಕಾಲದ ಆಸೆ. ಸಾಗರದ ಪೇಟೆಯಲ್ಲಿ ಅವರದು ಫೋಟೋ ಸ್ಟುಡಿಯೋ. ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ನೌಕಾದಳದಲ್ಲಿ ಹಾಯಿ ಕಟ್ಟಲು ಕಲಿತಿದ್ದರಂತೆ. ಆ ಹುಚ್ಚು ಆಮೇಲೂ ಬಿಡಲಿಲ್ಲ. ಹಿನ್ನೀರಿನಲ್ಲಿ ಡಿಂಗಿ ಓಡಿಸುವ ಒಂದು ಸಣ್ಣ ಬಳಗ ಕಟ್ಟಿಕೊಂಡಿದ್ದರು. ಡಿಂಗಿ ಎಂದರೆ ಒಬ್ಬರೋ ಇಬ್ಬರೋ ಕೂರುವ ಪುಟ್ಟ ಹಾಯಿದೋಣಿ. ಬೇರೆ ಬೇರೆ ದೇಶಗಳ ಹವ್ಯಾಸಿಗಳು ಪ್ರತಿವರ್ಷ ಯಾವುದಾದರೂ ಒಂದು ದೇಶದ ಕೆರೆಯಲ್ಲೋ ಸರೋವರದಲ್ಲೋ ಸೇರಿ, ಹಗಲು ದೋಣಿ ಓಡಿಸಿ, ದಡದಲ್ಲಿ ಟೆಂಟು ಹಾಕಿ ಉಳಿಯುತ್ತಾರೆ. ಆ ವರ್ಷ ಅವರು ಇಲ್ಲಿಗೆ ಬರಲು ಒಪ್ಪಿದರು. ಒಪ್ಪಿದ ಸುದ್ದಿ ಬಂದ ದಿನ ಶ್ರೀಪಾದಣ್ಣ ನಮ್ಮ ಆಸ್ಪತ್ರೆಗೆ ಬಂದು, ಔಷಧಿ ಕೌಂಟರಿನ ಮುಂದೆ ನಿಂತವರಿಗೆಲ್ಲ ಪೇಡೆ ಹಂಚಿದ್ದರು.

ನವರಾತ್ರಿಯಿಂದ ಕೆಲಸ ಶುರುವಾಯಿತು. ತೀರ್ಥಹಳ್ಳಿಯ ಒಂದು ಪ್ರೌಢಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ರಾಘು ಮಾಸ್ತರರು ಟೆಂಟುಗಳನ್ನು ತಂದರು. ಮೋಟಾರ್ ಬೋಟು ಓಡಿಸುವುದೂ ಅವರ ಪಾಲಿಗೆ ಬಂತು. ದೋಣಿಗಳ ರಿಪೇರಿಗೆ ನಿಟ್ಟೂರಿನ ಮಂಜು ಬಂದ. ಅವನು ಬೈಕ್ ಮೆಕ್ಯಾನಿಕ್, ಶ್ರೀಪಾದಣ್ಣನ ಬಳಗದಲ್ಲೇ ಹಾಯಿ ಓಡಿಸಲು ಕಲಿತವನು. ಗ್ಯಾರೇಜಿನ ಬಾಗಿಲು ಹಾಕಿ, ಇಳಿಜಾರಿನ ಕೆಳಗೆ ಒಂದು ತಗಡಿನ ಮಾಡು ಹೊಡೆದುಕೊಂಡು, ಒಡೆದ ದೋಣಿಗಳಿಗೆ ಫೈಬರ್ ತೇಪೆ ಹಾಕುತ್ತಿದ್ದ. ಅಡುಗೆಯ ಉಸ್ತುವಾರಿ ಅವನ ಅಕ್ಕ ಲಲಿತಕ್ಕನದು. ಹೊಸನಗರದ ಕಡೆಯ ಮದುವೆ, ಉಪನಯನಗಳಿಗೆ ಅಡುಗೆ ಒಪ್ಪಿಕೊಳ್ಳುವವಳು ಅವಳು. ತಾಯಿ ತೀರಿಕೊಂಡ ಮೇಲೆ ಮಂಜುವನ್ನು ಬೆಳೆಸಿದವಳೂ ಅವಳೇ. ಅವಳ ದನಿ ದೊಡ್ಡದು. ಒಲೆಯ ಹತ್ತಿರ ನಿಂತು ಕರೆದರೆ ನೀರಿನಂಚಿನಲ್ಲಿದ್ದವರು ತಿರುಗಿ ನೋಡುತ್ತಿದ್ದರು.

"ಎಂತ ಮಾರಾಯ, ಗ್ಯಾರೇಜಿಗೆ ಬೀಗ ಹಾಕಿ ಇಲ್ಲಿ ತೇಪೆ ಹಚ್ತಾ ಕೂತ್ಯಲ್ಲ, ಗಿರಾಕಿಗಳು ಬೈಯಲ್ವಾ?" ಎಂದು ಅವಳು ಕೂಗಿದರೆ, ಅವನು ತಲೆಯೆತ್ತದೆ ಹೇಳುತ್ತಿದ್ದ: "ಬೈಕಿಗೂ ಒಂದೊಂದು ಹಾಯಿ ಕಟ್ಟಿಕೊಡ್ತೀನಿ ಅಂದಿದೀನಿ ಅಕ್ಕ. ಪೆಟ್ರೋಲ್ ಉಳೀತದೆ ಅಂತ ಖುಷಿಯಾಗಿದಾರೆ."

ಇಪ್ಪತ್ತಕ್ಕೂ ಹೆಚ್ಚು ಜನ ಬಂದರು. ಹೆಚ್ಚಿನವರು ನಡುವಯಸ್ಸು ದಾಟಿದವರು. ಅವರಲ್ಲಿ ಎಲ್ಲರಿಗಿಂತ ಹಿರಿಯಳು ನ್ಯೂಜಿಲೆಂಡಿನ ಜೋನ್ ಎಂಬ ಹೆಂಗಸು. ಬೆಳ್ಳಗಿನ ಕೂದಲು, ಬಿಸಿಲಿಗೆ ಸುಟ್ಟ ತೋಳು. ಮೊದಲ ದಿನವೇ ಅವಳು ನಮ್ಮ ವ್ಯವಸ್ಥೆಯನ್ನೆಲ್ಲ ನೋಡಿ, ಒಂದು ಹಲಗೆ ಬೇಕು ಎಂದಳು. ಹಲಗೆಗೆ ಮೊಳೆ ಹೊಡೆದು, ಪ್ರತಿಯೊಬ್ಬರ ಹೆಸರಿನ ಒಂದು ಬಿಲ್ಲೆ ತೂಗುಹಾಕಬೇಕು. ನೀರಿಗೆ ಇಳಿಯುವವರು ತಮ್ಮ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಬಂದ ಮೇಲೆ ತಾವೇ ತಿರುಗಿ ಹಾಕಬೇಕು. ಮೊಳೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ನೀರಿನಲ್ಲಿದ್ದಾನೆ ಎಂದು ಅರ್ಥ. ಅವರ ದೇಶದಲ್ಲಿ ಇದಿಲ್ಲದೆ ಯಾರನ್ನೂ ನೀರಿಗೆ ಬಿಡುವುದಿಲ್ಲವಂತೆ.

ಮಂಜು ಅಂದು ಸಂಜೆಯೊಳಗೆ ಪ್ಲೈವುಡ್ಡಿನ ಬಿಲ್ಲೆಗಳನ್ನು ಕತ್ತರಿಸಿ, ಬಣ್ಣದಲ್ಲಿ ಹೆಸರು ಬರೆದು ತೂಗುಹಾಕಿದ. ಜೋನ್ ಬಂದು ಎಣಿಸಿದಳು. ಆಮೇಲೆ ಶ್ರೀಪಾದಣ್ಣನ ಹತ್ತಿರ ಏನೋ ಕೇಳಿದಳು. ಶ್ರೀಪಾದಣ್ಣ ನಗುತ್ತ ನಮ್ಮ ಕಡೆ ತಿರುಗಿದರು.

"ನಿಮ್ಮವರ ಬಿಲ್ಲೆ ಎಲ್ಲಿ ಅಂತ ಕೇಳ್ತಾರೆ. ನಾವು ಇಲ್ಲೇ ಇರೋರು ಅಂತ ಹೇಳ್ದೆ."

ಸೌತೆಕಾಯಿ ಹೆಚ್ಚುತ್ತಿದ್ದ ಲಲಿತಕ್ಕ, "ನಮ್ಮನ್ನೂ ಎಣಿಸ್ಬೇಕಂತಾ? ಚೆಂದ ಆಯ್ತು! ಮದ್ವೆ ಮನೇಲಿ ಎಲೆ ಲೆಕ್ಕ ಹಾಕುವಾಗ ಮನೆಯವ್ರನ್ನ ಯಾರು ಸೇರಿಸ್ತಾರೆ?" ಎಂದಳು.

"ನಂಗೊಂದು ಬಿಲ್ಲೆ ಮಾಡಿ ಶ್ರೀಪಾದಣ್ಣ," ಎಂದ ಮಂಜು. "ದನಕ್ಕೆ ಗಂಟೆ ಕಟ್ಟಿದ ಹಾಗೆ ಕುತ್ತಿಗೆಗೆ ಕಟ್ಕೊಳ್ತೀನಿ."

ಎಲ್ಲರೂ ನಕ್ಕೆವು. ಜೋನ್ ನಗಲಿಲ್ಲ. ಆದರೆ ಮತ್ತೆ ಕೇಳಲೂ ಇಲ್ಲ. ಬೇರೆಯವರ ಮನೆಗೆ ಬಂದವಳು ಎಷ್ಟು ಹೇಳಿಯಾಳು?

ನಮ್ಮ ಕಡೆ ನೆಂಟರನ್ನು ನೋಡಿಕೊಳ್ಳುವ ರೀತಿ ಅದು. ಎಷ್ಟು ಜನ ಬಂದಿದ್ದಾರೆ ಎನ್ನುವ ಲೆಕ್ಕ ಬಂದವರದು ಮಾತ್ರ. ಒಳ್ಳೆಯ ಚಾಪೆ, ಹೊಸ ಲೋಟ, ಮೊದಲ ಪಂಕ್ತಿ ಅವರಿಗೆ. ಮನೆಯವರು ಕೊನೆಗೆ, ಉಳಿದದ್ದರಲ್ಲಿ, ಸಿಕ್ಕಿದ ಕಡೆ ಕೂತು ಉಣ್ಣುತ್ತಾರೆ. ಇದರಲ್ಲಿ ಯಾರಿಗೂ ಬೇಜಾರಿಲ್ಲ, ಹೆಮ್ಮೆಯೇ ಇದೆ. ಹೊಸ ಲೈಫ್ ಜಾಕೆಟ್ಟುಗಳೂ ಹಾಗೆಯೇ ಅತಿಥಿಗಳಿಗೆ ಹೋದವು. ಬಳಗದವರು ಶ್ರೀಪಾದಣ್ಣನ ಹಳೆಯ ಜಾಕೆಟ್ಟುಗಳನ್ನು ಹಾಕಿಕೊಂಡರು.

ಮೊದಲ ದಿನಗಳು ಚೆನ್ನಾಗಿದ್ದವು. ಬೆಳಗ್ಗೆ ಇಬ್ಬನಿ ಕವಿದಿದ್ದು, ಹತ್ತು ಗಂಟೆಯ ಹೊತ್ತಿಗೆ ಬಿಸಿಲು. ಬಿಳಿ, ಕೆಂಪು, ನೀಲಿ ಹಾಯಿಗಳು ನೀರಿನ ಮೇಲೆ ಓಡಾಡುವುದನ್ನು ನೋಡಲು ಹತ್ತಿರದ ಹಳ್ಳಿಗಳಿಂದ ಜನ ಬಂದು ಕೂರುತ್ತಿದ್ದರು. ನನಗೆ ಕೆಲಸ ಹೆಚ್ಚಿರಲಿಲ್ಲ: ಬಿಸಿಲಿಗೆ ಸುಟ್ಟ ಬೆನ್ನು, ಹಗ್ಗ ಉಜ್ಜಿದ ಅಂಗೈ, ಒಬ್ಬರ ಕಾಲಿಗೆ ಇಂಬಳ ಕಚ್ಚಿ ರಕ್ತ ಕಂಡು ಗಾಬರಿ. ಮಂಜುವಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಅವನ ಬಾಯಿಗೆ ಅದೇನೂ ಅಡ್ಡಿಯಾಗಲಿಲ್ಲ. "ಮೇಡಂ, ವಿಂಡ್ ಕಮಿಂಗ್, ಯು ಲುಕಿಂಗ್ ದೇರ್, ಬೋಟ್ ಸ್ಲೀಪಿಂಗ್!" ಎಂದು ಅವನು ಜೋನ್‌ಗೆ ಹೇಳಿದ್ದನ್ನು ಅವರೆಲ್ಲ ಕಲಿತುಬಿಟ್ಟರು. ಯಾರ ದೋಣಿ ಮಗುಚಿದರೂ ದಡದಿಂದ "ಬೋಟ್ ಸ್ಲೀಪಿಂಗ್!" ಎಂಬ ಕೂಗು ಏಳುತ್ತಿತ್ತು.

ಆ ದಿನ ಬೆಳಗ್ಗೆ ಆಕಾಶ ಬೂದಿಯ ಬಣ್ಣದಲ್ಲಿತ್ತು. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಇದೆ ಎಂದು ಹಿಂದಿನ ಸಂಜೆಯೇ ಸುದ್ದಿ ಬಂದಿತ್ತು. ಶ್ರೀಪಾದಣ್ಣ ಗುಡ್ಡದ ಮೇಲೆ ಹೋಗಿ, ಸಿಗ್ನಲ್ ಸಿಕ್ಕಿದ ಜಾಗದಲ್ಲಿ ಫೋನು ನೋಡಿ ಬಂದರು. ದೂರ ಹೋಗುವುದು ಬೇಡ, ಎದುರಿನ ನಡುಗಡ್ಡೆಯ ತನಕ ಹೋಗಿ ಊಟಕ್ಕೆ ವಾಪಸು ಬರೋಣ ಎಂದು ತೀರ್ಮಾನವಾಯಿತು. ಗಾಳಿ ಪೂರ್ವದಿಂದ ಬರುತ್ತಿತ್ತು. ನಮ್ಮ ಬೆನ್ನಿಗೆ ಗುಡ್ಡ ಇದ್ದುದರಿಂದ ದಡದ ಹತ್ತಿರ ನೀರು ಅಲುಗದೆ ಇತ್ತು. ಆಚೆ, ಗುಡ್ಡದ ಮರೆ ತಪ್ಪಿದ ಕಡೆ, ನೀರಿನ ಬಣ್ಣವೇ ಬೇರೆ ಇತ್ತು. ಅದನ್ನು ನಾನು ಕಂಡಿದ್ದೆ. ನನಗೆ ಅದರ ಅರ್ಥ ಗೊತ್ತಿರಲಿಲ್ಲ.

ಅತಿಥಿಗಳು ಬಿಲ್ಲೆ ತೆಗೆದುಕೊಂಡು ಹೊರಟರು. ಮಂಜು ತಾನೇ ತೇಪೆ ಹಾಕಿದ, ಒಬ್ಬರೇ ಕೂರುವ ದೋಣಿಯಲ್ಲಿ ಎಲ್ಲರ ಹಿಂದೆ ಹೋದ. ಅವನ ದೋಣಿ ಅತಿಥಿಗಳ ದೋಣಿಗಳ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಇಳಿಜಾರಿನ ತಿರುವಿನಾಚೆ, ನಮಗೆ ಕಾಣದ ಒಂದು ಸಣ್ಣ ಮೂಲೆಯಲ್ಲಿ ಕಟ್ಟಿರುತ್ತಿದ್ದ.

ಊಟದ ಹೊತ್ತಿಗೆ ಗಾಳಿ ಒಮ್ಮೆಲೇ ಜೋರಾಯಿತು. ಜತೆಗೆ ಮಳೆ. ನಡುಗಡ್ಡೆಯ ಹತ್ತಿರದ ಹಾಯಿಗಳು ಒಂದರ ಹಿಂದೊಂದು ಮಲಗಿದವು. ಈ ಸಲ ಯಾರೂ ಏನೂ ಕೂಗಲಿಲ್ಲ. ಗಾಳಿಗೆ ಎದುರಾಗಿ ದಡಕ್ಕೆ ಬರಬೇಕಾಗಿತ್ತು, ಸಣ್ಣ ದೋಣಿಗಳಿಗೆ ಆಗುತ್ತಿರಲಿಲ್ಲ. ರಾಘು ಮಾಸ್ತರರು ಮೋಟಾರ್ ಬೋಟಿನಲ್ಲಿ ಹೋಗಿ, ಎರಡು ಮೂರು ದೋಣಿಗಳನ್ನು ಹಗ್ಗದಲ್ಲಿ ಕಟ್ಟಿ ಎಳೆದು ತಂದು ಬಿಟ್ಟು, ಮತ್ತೆ ಹೋದರು. ಹೀಗೆ ಎಷ್ಟು ಸಲ ಹೋಗಿಬಂದರೋ. ಆಚೆ ದೋಣಿಗಳನ್ನು ಹುಡುಕಿ, ಮಗುಚಿದ್ದನ್ನು ಎತ್ತಿ, ಹಗ್ಗ ಕಟ್ಟಿಕೊಡುತ್ತಿದ್ದವನು ಮಂಜು. ಇದು ರಾಘು ಮಾಸ್ತರರು ಆಮೇಲೆ ಪೊಲೀಸರಿಗೆ ಹೇಳಿದ್ದು. ಕೊನೆಯ ಎರಡು ದೋಣಿಗಳನ್ನು ಕಟ್ಟಿದ ಮೇಲೆ ಅವನು ಕೈಯೆತ್ತಿ, "ನೀವು ನಡೀರಿ ಮಾಸ್ತ್ರೆ, ನಾ ಹಿಂದೆ ಬರ್ತೀನಿ" ಎಂದನಂತೆ. ಸ್ವಲ್ಪ ದೂರದ ತನಕ ಅವನ ಹಾಯಿ ಹಿಂದೆಯೇ ಕಾಣುತ್ತಿತ್ತಂತೆ.

ದಡದಲ್ಲಿ ನಾನು ಕಂಬಳಿ ಹೊದೆಸುತ್ತಿದ್ದೆ. ಇಬ್ಬರಿಗೆ ಹಣೆ ಒಡೆದಿತ್ತು, ಒಬ್ಬರ ಬೆರಳು ಮುರಿದಿತ್ತು. ಚಳಿಗೆ ನಡುಗುತ್ತಿದ್ದವರು ಒಬ್ಬೊಬ್ಬರೇ ಹಲಗೆಯ ಹತ್ತಿರ ಹೋಗಿ ತಮ್ಮ ಬಿಲ್ಲೆ ಹಾಕಿದರು. ಶ್ರೀಪಾದಣ್ಣ ಹಲಗೆಯ ಮುಂದೆ ನಿಂತು ಒಂದೊಂದು ಬಿಲ್ಲೆಯನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಒಂದು ಮೊಳೆಯೂ ಖಾಲಿ ಇರಲಿಲ್ಲ. ಅವರು ಎರಡೂ ಕೈ ಮುಗಿದು, "ಮಾನ ಉಳೀತು ಸಿಸ್ಟರ್, ಎಲ್ಲಾ ಬಿಲ್ಲೆ ಬಂತು" ಎಂದು ಅತ್ತುಬಿಟ್ಟರು. ನನ್ನ ಕಣ್ಣಲ್ಲೂ ನೀರು ಬಂತು.

ಆಮೇಲೆ ಊಟ. ಮಳೆ ಸಣ್ಣಗಾಗಿತ್ತು, ಗಾಳಿ ಹಾಗೆಯೇ ಇತ್ತು. ತಗಡಿನ ಮಾಡಿನ ಕೆಳಗೆ ಎರಡು ಸಾಲು ಬೆಂಚು. ಬದುಕಿ ಬಂದ ಸಮಾಧಾನಕ್ಕೋ ಏನೋ, ಅತಿಥಿಗಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಸಣ್ಣ ಮಾತಿಗೂ ಬಿದ್ದು ಬಿದ್ದು ನಗುತ್ತಿದ್ದರು. ಯಾರೋ ಒಬ್ಬರು ಅವರ ಭಾಷೆಯ ಹಾಡು ಶುರು ಮಾಡಿದರು, ಉಳಿದವರು ಬೆಂಚು ಬಡಿದರು, ಚಪ್ಪಾಳೆ ತಟ್ಟಿದರು. ಲಲಿತಕ್ಕ ತಾನೇ ಪಾತ್ರೆ ಹಿಡಿದು ಬಡಿಸಿದಳು. "ಪಾಯಸ! ಯಾರಿಗೆ ಪಾಯಸ? ಬಿಸಿ ಉಂಟು, ಹಾಕಿಸ್ಕೊಳ್ಳಿ!" ಅವಳು ಕನ್ನಡದಲ್ಲೇ ಕೂಗುತ್ತಿದ್ದಳು, ಅವರಿಗೆ ಅರ್ಥವಾಗುತ್ತಿತ್ತು. ಅಷ್ಟು ಸಂತೋಷದ ಊಟವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅವರೆಲ್ಲ ಉಂಡು, ಬಿಸಿ ಕಾಫಿ ಕುಡಿದು, ಟೆಂಟುಗಳಿಗೆ ಹೋಗಿ ಮಲಗಿದರು. ಒದ್ದೆ ಬಟ್ಟೆ ಹಿಂಡಿ ಹರಗಿದ್ದಾಯಿತು, ಪಾತ್ರೆ ತೊಳೆದದ್ದಾಯಿತು. ಮನೆಯವರು ಊಟಕ್ಕೆ ಕೂತಾಗ ಕತ್ತಲಾಗುತ್ತ ಬಂದಿತ್ತು. ಲಲಿತಕ್ಕ ಬಾಳೆಲೆ ಹಾಕಿದಳು. ಅನ್ನ ಬಡಿಸುತ್ತ ಬಂದವಳು ಒಂದು ಎಲೆಯ ಮುಂದೆ ನಿಂತಳು. ಅಲ್ಲಿ ಯಾರೂ ಕೂತಿರಲಿಲ್ಲ.

"ಮಂಜ ಎಲ್ಲಿ?"

"ನೀರಿನ ಪಂಪಿನ ಹತ್ರ ಇರ್ಬೇಕು," ಎಂದರು ಶ್ರೀಪಾದಣ್ಣ.

"ಪಂಪ್ ಆಫ್ ಮಾಡ್ಕೊಂಡು ನಾನೇ ಬಂದದ್ದು," ಎಂದರು ರಾಘು ಮಾಸ್ತರರು. "ಮೂಲೇಲಿ ದೋಣಿ ಕಟ್ತಾ ಇದಾನೆ ಅಂದ್ಕೊಂಡಿದ್ದೆ."

"ಇಷ್ಟೊತ್ತು ದೋಣಿ ಕಟ್ತಾನಾ ಮಾಸ್ತ್ರೆ?"

ರಾಘು ಮಾಸ್ತರರು ಎಲೆಯ ಮುಂದಿನಿಂದ ಎದ್ದು ತಿರುವಿನ ಕಡೆ ಓಡಿದರು. ಅವರು ವಾಪಸು ಬರುವಾಗ ಓಡಲಿಲ್ಲ, ನಡೆದು ಬಂದರು. ಅದನ್ನು ಕಂಡೇ ನಮಗೆ ತಿಳಿಯಿತು. ಮೂಲೆಯಲ್ಲಿ ದೋಣಿ ಇರಲಿಲ್ಲ.

ಲಲಿತಕ್ಕ ಅನ್ನದ ಪಾತ್ರೆಯನ್ನು ಕೆಳಗಿಡಲಿಲ್ಲ. ಸೊಂಟಕ್ಕೆ ಒತ್ತಿ ಹಿಡಿದುಕೊಂಡೇ ನೀರಿನಂಚಿಗೆ ಹೋಗಿ ನಿಂತು, "ಮಂಜಾ" ಎಂದು ಕರೆದಳು. ಗಾಳಿ ನಿಂತಿರಲಿಲ್ಲ.

ಗದ್ದಲಕ್ಕೆ ಜೋನ್ ಎದ್ದು ಬಂದಳು. ವಿಷಯ ಕೇಳಿದವಳು ನೇರವಾಗಿ ಹಲಗೆಯ ಹತ್ತಿರ ಹೋಗಿ ಟಾರ್ಚು ಹಾಕಿ ನೋಡಿದಳು. ಅಲ್ಲಿ ಅವನ ಹೆಸರಿನ ಮೊಳೆಯೇ ಇರಲಿಲ್ಲ. ಅವಳು ಟಾರ್ಚು ಆರಿಸಿ, ಬೋಟಿನ ಕಡೆ ಹೋಗಿ ರಾಘು ಮಾಸ್ತರರ ಪಕ್ಕ ಕುಳಿತಳು.

ರಾತ್ರಿಯೆಲ್ಲ ಹುಡುಕಿದರು. ಮೀನು ಹಿಡಿಯುವವರು ತಮ್ಮ ದೋಣಿಗಳನ್ನು ತಂದರು, ಲಾಂಚಿನ ಕಡೆಯಿಂದಲೂ ಜನ ಬಂದರು. ಬೆಳಗಾದ ಮೇಲೆ ಆಚೆ ದಡದ ಒಣಮರಗಳ ನಡುವೆ ಅವನು ಸಿಕ್ಕಿದ. ದೋಣಿ ಮಗುಚಿ, ಅದರ ಕಂಬ ಒಂದು ಕೊಂಬೆಗೆ ಸಿಕ್ಕಿಕೊಂಡಿತ್ತು. ಅವನು ಹಾಯಿಯ ಹಗ್ಗದಿಂದ ತನ್ನನ್ನು ಒಂದು ಮರಕ್ಕೆ ಕಟ್ಟಿಕೊಂಡಿದ್ದ. ಹಗ್ಗ ಬಿಚ್ಚಿದವರು ರಾಘು ಮಾಸ್ತರರು. ಗಂಟು ಸರಿಯಾಗಿತ್ತು, ಗಾಬರಿಯಲ್ಲಿ ಹಾಕಿದ್ದಲ್ಲ ಎಂದು ಅವರು ನನಗೆ ಹೇಳಿದರು. ಹೊಸ ಜಾಕೆಟ್ಟುಗಳ ಭುಜದಲ್ಲಿ ಒಂದು ಸೀಟಿ ಇರುತ್ತದೆ. ಅವನು ಹಾಕಿಕೊಂಡಿದ್ದ ಹಳೆಯ ಜಾಕೆಟ್ಟಿನಲ್ಲಿ ಅದು ಇರಲಿಲ್ಲ.

ದೇಹವನ್ನು ಒರೆಸಿದವಳು ನಾನು. ಎಡಗಿವಿಯ ಮೇಲೆ ಒಂದು ಗಾಯ. ಎರಡೂ ಅಂಗೈ ಮತ್ತು ತೋಳಿನ ಒಳಭಾಗದ ಚರ್ಮ ಮರದ ತೊಗಟೆಗೆ ಉಜ್ಜಿ ಹೋಗಿತ್ತು. ಅಲೆ ಮುಖಕ್ಕೆ ಹೊಡೆದು ಹೊಡೆದು, ಶಕ್ತಿ ಮುಗಿದ ಮೇಲೆ ನೀರು ಒಳಗೆ ಹೋಗಿದೆ ಎಂದು ವೈದ್ಯರು ಹೇಳಿದರು.

ಮಧ್ಯಾಹ್ನ ಆಚೆ ದಡದ ಒಬ್ಬ ರೈತರು ಪೊಲೀಸರ ಜತೆ ಬಂದರು. ತಲೆಗೆ ಕಟ್ಟಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದರು. ಶ್ರೀಪಾದಣ್ಣನೂ ನಾನೂ ಅಲ್ಲೇ ಇದ್ದೆವು.

"ನಿನ್ನೆ ದನ ಹೊಡ್ಕೊಂಡು ಬರುವಾಗ ಕೂಗು ಕೇಳ್ತಿತ್ತು ಸ್ವಾಮಿ. ದೀಪ ಹಚ್ಚೋ ಹೊತ್ತಿನ ತನಕವೂ ಕೇಳ್ತು. ಹಾಡು, ಚಪ್ಪಾಳೆ ಎಲ್ಲ ಒಟ್ಟಿಗೆ ಕೇಳ್ತಿತ್ತಲ್ಲ, ಫಾರಿನ್‌ನವ್ರು ಗಮ್ಮತ್ತು ಮಾಡ್ತಾ ಇದಾರೆ ಅಂದ್ಕೊಂಡೆ. ಮಗ ಹೋಗಿ ನೋಡ್ಕೊಂಡು ಬರ್ತೀನಿ ಅಂದ. ನಾನೇ ಬೇಡ ಅಂದೆ, ಅವ್ರ ಮೋಜಿಗೆ ನಾವ್ಯಾಕೆ ಅಡ್ಡ ಹೋಗೋದು ಅಂತ."

ಅವರು ಹೋದ ಮೇಲೆ ಶ್ರೀಪಾದಣ್ಣ ನನ್ನ ಕೈ ಹಿಡಿದುಕೊಂಡರು. "ಇದನ್ನ ಲಲಿತಕ್ಕಂಗೆ ಹೇಳ್ಬೇಡಿ ಸಿಸ್ಟರ್."

ನಿಟ್ಟೂರಿನಲ್ಲಿ ಸಂಸ್ಕಾರವಾಯಿತು. ಅತಿಥಿಗಳಲ್ಲಿ ಒಬ್ಬರೂ ಮುಂಚೆ ಹೊರಡಲಿಲ್ಲ. ಎಲ್ಲರೂ ಬಂದು ಅಂಗಳದ ಅಂಚಿನಲ್ಲಿ, ಕೆಸರಿನಲ್ಲಿ, ಬರಿಗಾಲಿನಲ್ಲಿ ನಿಂತಿದ್ದರು. ಆಮೇಲೆ ಅವರು ಹೋದರು. ಬಳಗ ಮತ್ತೆ ಸೇರಲಿಲ್ಲ. ರಾಘು ಮಾಸ್ತರರು ವರ್ಗ ತೆಗೆದುಕೊಂಡು ಬಯಲುಸೀಮೆಯ ಕಡೆ ಹೋದರು ಎಂದು ಕೇಳಿದೆ. ಶ್ರೀಪಾದಣ್ಣ ಸ್ಟುಡಿಯೋ ತೆರೆಯುತ್ತಾರೆ, ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಾರೆ. ದಾರಿಯಲ್ಲಿ ಸಿಕ್ಕಿದರೆ ನಾವು ಆರೋಗ್ಯದ ಬಗ್ಗೆ ಮಾತನಾಡುತ್ತೇವೆ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ನಾನೊಂದು ದಿನ ನಿಟ್ಟೂರಿಗೆ ಹೋದೆ. ಲಲಿತಕ್ಕ ಹಿತ್ತಲಿನ ಕಟ್ಟೆಯ ಮೇಲೆ ಕುಳಿತಿದ್ದಳು. ನನಗೆ ನೀರು ತಂದುಕೊಟ್ಟು ಮತ್ತೆ ಅಲ್ಲೇ ಕುಳಿತಳು.

"ನೀನು ಅವನ್ನ ಒರೆಸಿದವ್ಳು. ನಿಂಗೆ ಗೊತ್ತಿರ್ತದೆ," ಎಂದಳು. "ಅವ ಕೂಡ್ಲೇ ಹೋದ್ನಾ ವಸಂತಿ?"

ಹೌದು ಎನ್ನಬಹುದಿತ್ತು. ಆದರೆ ಅವಳು ಅವನ ಅಂಗೈಗಳನ್ನು ನೋಡಿದ್ದಳು.

"ಇಲ್ಲ ಲಲಿತಕ್ಕ."

"ಎಷ್ಟೊತ್ತು ಇದ್ದ?"

"ದೀಪ ಹಚ್ಚೋ ಹೊತ್ತಿನ ತನಕ ಕೂಗು ಕೇಳ್ತಿತ್ತಂತೆ. ಆಚೆ ದಡದವ್ರು ಒಬ್ರು ಹೇಳಿದ್ರು."

ಅವಳು ಅಳಲಿಲ್ಲ. ಹಿತ್ತಲಿನ ಬೇಲಿಯ ಕಡೆ ನೋಡುತ್ತ, "ಅಷ್ಟು ಹೊತ್ತು ಕೂಗಿದ್ರೂ ನಮಗ್ಯಾಕೆ ಕೇಳ್ಲಿಲ್ಲ?" ಎಂದು ಕೇಳಿದಳು.

"ಗಾಳಿ ನಮ್ಮ ಬೆನ್ನಿಂದ ಅವನ ಕಡೆಗೆ ಬೀಸ್ತಿತ್ತು. ಅವನ ದನಿ ಆಚೆಗೇ ಹೋಗ್ತಿತ್ತು."

ಹೇಳಿದ ಮೇಲೆ ನನಗೆ ಅದರ ಮುಂದಿನ ಮಾತು ಹೊಳೆಯಿತು. ಲಲಿತಕ್ಕನಿಗೂ ಹೊಳೆದದ್ದು ಅವಳ ಮುಖದಲ್ಲಿ ಕಂಡಿತು. ಅವಳು ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಹಂಗಾದ್ರೆ ನಮ್ಮದು ಅವನಿಗೆ ಕೇಳಿರ್ತದೆ. ನಾನು ಪಾಯಸ ಅಂತ ಕೂಗಿದ್ದು ಕೇಳಿರ್ತದೆ."

ಇಲ್ಲ ಎನ್ನಲು ನನ್ನ ಹತ್ತಿರ ಯಾವ ಆಧಾರವೂ ಇರಲಿಲ್ಲ.